ಊರು ಮತ್ತು ಕಾರಖಾನೆ: ಒಂದು ಐತಿಹ್ಯದ ವಿಮರ್ಶೆ

ಪಾಪಾಸುಕಳ್ಳಿ ಬೆಳೆದು ನಾಗರಹಾವುಗಳು ಹರಿದಾಡುತ್ತಿದ್ದ ಒಂದು ಬಂಜರು ಭೂಮಿ. ನೆಲೆ ತಪ್ಪಿ ಅಲ್ಲಿಗೆ ಬಂದಿಳಿದ ಒಬ್ಬ ಸಾಹಸಿ. ಕೆಲವೇ ವರ್ಷಗಳಲ್ಲಿ ಆ ನೆಲದ ಮೇಲೆ ಎದ್ದು ನಿಂತ ಕಾರಖಾನೆ, ಕೆಲಸಗಾರರ ಮನೆಗಳು, ಶಾಲೆ, ಅಂಗಡಿ. ೧೯೧೦ರಲ್ಲಿ ಕಿರ್ಲೋಸ್ಕರವಾಡಿ ಸ್ಥಾಪಿತವಾದ ಕಥೆಯನ್ನು ಸಾಮಾನ್ಯವಾಗಿ ಹೇಳುವುದು ಈ ರೀತಿಯಾಗಿ. ಲಕ್ಷ್ಮಣರಾವ್ ಕಿರ್ಲೋಸ್ಕರರ ಮಗ ಶಂತನುರಾಯರು ೧೯೮೨ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥೆಗೆ 'ಕ್ಯಾಕ್ಟಸ್ ಅಂಡ್ ರೋಸಸ್' ಎಂಬ ಹೆಸರನ್ನೇ ಇಟ್ಟರು. ಕಳ್ಳಿಯಿಂದ ಗುಲಾಬಿಯವರೆಗಿನ ಈ ಪ್ರಯಾಣವು ಕೈಗಾರಿಕೋದ್ಯಮಿಯ ಪೌರುಷಕ್ಕೆ ಒಂದು ಪ್ರತೀಕವಾಗಿ ನಿಂತಿದೆ.

ಈ ಕಥೆ ಸುಳ್ಳಲ್ಲ; ಆದರೆ ಅರ್ಧ ಮಾತ್ರ. ಸಣ್ಣ ಊರುಗಳಿಗೆ ಮನೆ, ಮಾರುಕಟ್ಟೆ, ಕೈಗಾರಿಕೆಗಳನ್ನು ಬರಮಾಡಿಕೊಳ್ಳುವ ಪ್ರಶ್ನೆ ಎದ್ದಾಗಲೆಲ್ಲ ಈ ಅರ್ಧಕಥೆಯೇ ಆದರ್ಶವಾಗಿ ಮುಂದೆ ಬರುತ್ತದೆ. ಬಂಜರು ನೆಲವನ್ನು ಅಗ್ಗವಾಗಿ ಕೊಡಿ, ಸಾಹಸಿ ಬರುತ್ತಾನೆ, ಊರು ತಾನಾಗಿ ಬೆಳೆಯುತ್ತದೆ ಎಂಬುದು ಅದರ ತಾತ್ಪರ್ಯ. ಸರಕಾರದ ಯೋಜನೆಗಳೂ ಊರ ಮುಖಂಡರ ಮನವಿಗಳೂ ಬಹುಮಟ್ಟಿಗೆ ಈ ತಾತ್ಪರ್ಯದ ಮೇಲೆಯೇ ನಿಂತಿವೆ. ಆದುದರಿಂದ ಐತಿಹ್ಯದ ಉಳಿದರ್ಧವನ್ನು ಪರಿಶೀಲಿಸುವುದು ಅವಶ್ಯವಾಗಿದೆ.

೧

ಮೊದಲು ಬೆಳಗಾವಿಯ ಮಾತು. ಲಕ್ಷ್ಮಣರಾಯರು ಹುಟ್ಟಿದ್ದು ೧೮೬೯ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠೀ ಸಂಗೀತನಾಟಕದ ಆದ್ಯರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯಲ್ಲಿ ಕಲಿತರು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ೧೮೮೮ರಲ್ಲಿ ಅಣ್ಣ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ಲು ಮಾರುವ ಅಂಗಡಿ ಆರಂಭವಾಯಿತು. ಕಾಲಕ್ರಮದಲ್ಲಿ ಮುಂಬಯಿಯ ಕೆಲಸವನ್ನು ಬಿಟ್ಟು ಅವರು ಊರಿಗೆ ಮರಳಿದರು. ಅಂಗಡಿಯ ಬೆನ್ನಿಗೆ ಕಾರ್ಯಾಗಾರ ಬಂತು. ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ನೇಗಿಲು ಅಲ್ಲಿ ತಯಾರಾದುವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರೀತೆಂದು ರೈತರು ಶಂಕಿಸಿದುದರಿಂದ ಆ ನೇಗಿಲನ್ನು ಕೊಳ್ಳುವವರು ದೊರೆಯಲು ಬಹಳ ಕಾಲ ಹಿಡಿಯಿತು.

ಈ ಕ್ರಮವನ್ನು ಗಮನಿಸಬೇಕು. ಮೊದಲು ಅಂಗಡಿ, ಆಮೇಲೆ ರಿಪೇರಿ, ಅದರ ನಂತರ ತಯಾರಿಕೆ. ಕೊಳ್ಳುವವನ ಮುಖವನ್ನು ಕಂಡ ಬಳಿಕವೇ ಯಂತ್ರ ಹುಟ್ಟಿತು. ಬೆಳಗಾವಿಯಂಥ ಪೇಟೆ ಇಲ್ಲದಿದ್ದಲ್ಲಿ, ಆ ಪೇಟೆಗೆ ಬರುವ ರೈತನಿಲ್ಲದಿದ್ದಲ್ಲಿ, ಕಬ್ಬಿಣದ ನೇಗಿಲಿನ ಕಲ್ಪನೆಯೇ ಉದಿಸುತ್ತಿರಲಿಲ್ಲ. ಕಳ್ಳಿಯ ಭೂಮಿಗೆ ಕಾಲಿಡುವಾಗ ಲಕ್ಷ್ಮಣರಾಯರ ಬೆನ್ನ ಹಿಂದೆ ಇಪ್ಪತ್ತು ವರ್ಷಗಳ ಪೇಟೆಯ ಅನುಭವವಿತ್ತು. ಐತಿಹ್ಯ ಬಿಟ್ಟುಬಿಡುವ ಮೊದಲನೆಯ ಸಂಗತಿ ಇದು.

ಅವರ ಕಾರ್ಯಾಗಾರವಿದ್ದ ಸ್ಥಳ ಹೊಸ ಬಡಾವಣೆಗೆ ಬೇಕೆಂದು ಬೆಳಗಾವಿಯ ಪುರಸಭೆ ಅದನ್ನು ತೆರವು ಮಾಡಿಸಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಇಲ್ಲಿ ಉದ್ಧರಿಸಿ ಪುರಸಭೆಯನ್ನು ಹಳಿಯುವುದು ಸುಲಭ. ಆದರೆ ವಿಮರ್ಶೆಗೆ ಅದು ಸಾಲದು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ಕರ್ನಾಟಕದ ಪೇಟೆಗಳಿಗೂ ಹಬ್ಬಿ, ಇಕ್ಕಟ್ಟಿನ ಓಣಿಗಳಲ್ಲಿ ಬಾಳುವುದೆಂದರೆ ಏನೆಂಬುದನ್ನು ಜನರಿಗೆ ಕಲಿಸಿತ್ತು. ಗಾಳಿ ಬೆಳಕುಗಳಿರುವ ಬಡಾವಣೆಗಳನ್ನು ಬಯಸಿದ ಕಾಲ ಅದು. ಮನೆ ಬೇಕೆಂದದ್ದು ತಪ್ಪಲ್ಲ. ಮನೆಗಾಗಿ ಕೆಲಸದ ಜಾಗವನ್ನು ತೆರವು ಮಾಡಿಸಿ, ಆ ಕೆಲಸಕ್ಕೆ ತನ್ನ ಸೀಮೆಯಲ್ಲೇ ಬೇರೊಂದು ಜಾಗವನ್ನು ಯೋಚಿಸದೆ ಹೋದದ್ದು ತಪ್ಪು. ಎರಡನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ನೋಡುವ ಕಣ್ಣು ಆ ಪುರಸಭೆಗೆ ಇರಲಿಲ್ಲ.

೨

ಎರಡನೆಯ ಸಂಗತಿ ಔಂಧ ಸಂಸ್ಥಾನದ್ದು. ಕಳ್ಳಿಯ ಭೂಮಿ ಯಾರದೂ ಅಲ್ಲದ ನೆಲವಾಗಿರಲಿಲ್ಲ. ಔಂಧದ ಅಧಿಪತಿ ಬಾಳಾಸಾಹೇಬ ಪಂತಪ್ರತಿನಿಧಿಯವರು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ ೩೨ ಎಕರೆ ಭೂಮಿಯನ್ನೂ, ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ರೈಲುನಿಲ್ದಾಣವನ್ನು ಕಥೆಯಲ್ಲಿ ಅಲಂಕಾರವೆಂಬಂತೆ ಹೇಳಿ ಮುಂದೆ ಹೋಗುವುದು ವಾಡಿಕೆ. ಆದರೆ ಎರಕದ ಕೆಲಸಕ್ಕೆ ಕಬ್ಬಿಣ, ಕಲ್ಲಿದ್ದಲುಗಳು ಒಳಗೆ ಬರಬೇಕು. ನೇಗಿಲು ಹೊರಗೆ ಹೋಗಬೇಕು. ಪುಣೆಯನ್ನೂ ಬೆಳಗಾವಿಯನ್ನೂ ಕೂಡಿಸುವ ಆ ಹಳಿ ಇಲ್ಲದಿದ್ದರೆ ಸಾಹಸವು ಕಳ್ಳಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಬಾಳಾಸಾಹೇಬರ ನೆರವು ಕೇವಲ ಔದಾರ್ಯವೂ ಅಲ್ಲ. ಔಂಧ ಚಿಕ್ಕ ಸಂಸ್ಥಾನ. ಅದರ ಹಳ್ಳಿಗಳು ಬ್ರಿಟಿಷ್ ಮುಲುಕಿನ ನಡುವೆ ಚದರಿಕೊಂಡಿದ್ದುವು. ಓಗಲೇ ಬಂಧುಗಳ ಗಾಜಿನ ಕಾರಖಾನೆಗೂ ಅದೇ ಸಂಸ್ಥಾನ ಆಶ್ರಯ ಕೊಟ್ಟಿತು. ೧೯೩೮-೩೯ರಲ್ಲಿ ಗಾಂಧೀಜಿಯವರ ಸಲಹೆಯೊಡನೆ ಗ್ರಾಮಸ್ವರಾಜ್ಯದ ಸಂವಿಧಾನವನ್ನು ಒಪ್ಪಿ ಆಡಳಿತವನ್ನು ಪ್ರಜೆಗಳಿಗೆ ಒಪ್ಪಿಸಿದುದೂ ಇದೇ ದರ್ಬಾರು. ಕಾರಖಾನೆಯನ್ನು ಕರೆದದ್ದು, ಪ್ರಜೆಗೆ ಅಧಿಕಾರ ಕೊಟ್ಟದ್ದು—ಎರಡೂ ಒಂದೇ ದೃಷ್ಟಿಯಿಂದ ಹೊರಟುವು. ಕರೆದವನು ಕರೆದ ನಂತರವೂ ಅಲ್ಲಿಯೇ ಇದ್ದನು, ಬಂದವನು ಕಣ್ಣಳತೆಯಲ್ಲಿದ್ದನು.

ಬಂದವನೂ ಕೇವಲ ಕಾರಖಾನೆಯನ್ನು ಕಟ್ಟಲಿಲ್ಲವೆಂಬುದನ್ನು ಮರೆಯಬಾರದು. ವಾಡಿಯಲ್ಲಿ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಲಕ್ಷ್ಮಣರಾಯರು ವಿಧಿಸಿದರು. ಸೆರೆಮನೆಯಿಂದ ಬಿಡುಗಡೆಯಾದವರಿಗೆ ಕಾವಲಿನ ಕೆಲಸವನ್ನು ಒಪ್ಪಿಸಿದರು. ೧೯೨೦ರಲ್ಲಿ 'ಕಿರ್ಲೋಸ್ಕರ', ೧೯೩೦ರಲ್ಲಿ 'ಸ್ತ್ರೀ', ೧೯೩೪ರಲ್ಲಿ 'ಮನೋಹರ' ಎಂಬ ಮರಾಠೀ ಮಾಸಿಕಗಳು ಆ ಮನೆತನದ ಶಂಕರರಾಯರ ಸಂಪಾದಕತ್ವದಲ್ಲಿ ಹೊರಟು, ಮಧ್ಯಮವರ್ಗದ ಮನೆಗಳಲ್ಲಿ ಹೊಸ ವಿಚಾರಗಳನ್ನು ಬಿತ್ತಿದುವು. ಬೆಳಗಾವಿ ಕಳೆದುಕೊಂಡದ್ದು ಒಂದು ಕಾರ್ಯಾಗಾರವನ್ನಷ್ಟೇ ಎಂದು ಲೆಕ್ಕ ಹಾಕುವವರು ಈ ಮಾಸಿಕಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

೩

ಐತಿಹ್ಯದ ಪುನರಾವೃತ್ತಿ ಹರಿಹರದಲ್ಲಿ ನಡೆಯಿತು. ೧೯೪೧ರಲ್ಲಿ ಮೈಸೂರು ಸಂಸ್ಥಾನದ ಗಡಿಯ ಈ ಊರಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ರೈಲುಮಾರ್ಗದ ಬದಿಯಲ್ಲಿ ಮೈಸೂರು ಕಿರ್ಲೋಸ್ಕರ್ ಕಾರಖಾನೆ ಸ್ಥಾಪಿತವಾಯಿತು. ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಹೆಸರಾಗಿದ್ದ ಊರು ಲೇತ್ ಯಂತ್ರಗಳಿಂದ ಹೆಸರಾಯಿತು. ಎರಡು ತಲೆಮಾರಿನ ಕೆಲಸಗಾರರು ಅಲ್ಲಿ ಕಲಿತರು, ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ೧೯೯೧ರ ಆರ್ಥಿಕ ನೀತಿಯ ತರುವಾಯ ಆಮದಿನ ಸ್ಪರ್ಧೆಯೂ ಗಣಕನಿಯಂತ್ರಿತ ಯಂತ್ರಗಳ ಯುಗವೂ ಒಟ್ಟಿಗೆ ಬಂದುವು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಾರಖಾನೆ ಮುಚ್ಚಿತು.

ಹೊಳೆಯ ಆಚೆಯ ದಡದಲ್ಲಿ ಇನ್ನೊಂದು ಕಥೆ ನಡೆದಿತ್ತು. ೧೯೭೨ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಹೆಸರಿಗೆ ಹರಿಹರದ್ದು. ಅದರ ನೆಲ ಕುಮಾರಪಟ್ಟಣದ್ದು, ಅಂದಿನ ಧಾರವಾಡ, ಇಂದಿನ ಹಾವೇರಿ ಜಿಲ್ಲೆಯದು. ಅದರ ಕೊಳೆನೀರಿನ ವಿರುದ್ಧ ಎಂಬತ್ತರ ದಶಕದಲ್ಲಿ ಹೊಳೆಯ ಕೆಳಗಣ ಹಳ್ಳಿಗಳು ದನಿಯೆತ್ತಿದುವು. ಅದಕ್ಕೆ ಬೇಕಾದ ನೀಲಗಿರಿ ಮರಗಳಿಗಾಗಿ ೧೯೮೪ರಲ್ಲಿ ಸರಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿ, ಹಳ್ಳಿಗಳ ಸಾಮಾನ್ಯ ಭೂಮಿಯನ್ನು ಅದಕ್ಕೆ ವಹಿಸಲು ಹೊರಟುವು. ೧೯೮೭ರಲ್ಲಿ ಕುಸನೂರಿನ ಜನರು ನೀಲಗಿರಿಯ ಸಸಿಗಳನ್ನು ಕಿತ್ತು ಬೇರೆ ಉಪಯುಕ್ತ ಸಸಿಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವೆಂದು ಅದು ಹೆಸರಾಯಿತು. ೧೯೯೧ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಲ್ಪಟ್ಟಿತು.

ಬಂಜರೆಂದು ಕಾಗದದ ಮೇಲೆ ಬರೆದ ಭೂಮಿ ಹಳ್ಳಿಗನ ಪಾಲಿಗೆ ಬಂಜರಾಗಿರಲಿಲ್ಲ. ಅವನ ದನಕ್ಕೆ ಹುಲ್ಲು, ಒಲೆಗೆ ಕಟ್ಟಿಗೆ ಅಲ್ಲಿಂದಲೇ ಬರುತ್ತಿದ್ದುವು. ಕಳ್ಳಿಯ ಐತಿಹ್ಯದ ಅತ್ಯಂತ ಅಪಾಯಕರವಾದ ಭಾಗ ಇದೇ: ನೆಲವನ್ನು ಬರಿದೆಂದು ಮೊದಲೇ ಭಾವಿಸಿಬಿಡುವುದು.

೪

ಹರಿಹರದಿಂದ ಹದಿನಾಲ್ಕು ಕಿಲೋಮೀಟರುಗಳಷ್ಟು ದೂರದಲ್ಲಿರುವ ದಾವಣಗೆರೆ ಬೇರೊಂದು ಕ್ರಮದಿಂದ ಬೆಳೆಯಿತು. ಹೈದರನು ಈ ಊರನ್ನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವ್ಯಾಪಾರಿಗಳಿಗೆ ಉತ್ತೇಜನವಿತ್ತು ಅಲ್ಲಿ ನೆಲೆಗೊಳಿಸಿದನೆಂದೂ, ಅವನು ಸಂತಾನವಿಲ್ಲದೆ ತೀರಿದ ಮೇಲೆ ಟೀಪುವೂ ಅದೇ ನೀತಿಯನ್ನು ಮುಂದುವರಿಸಿದನೆಂದೂ ಮೈಸೂರು ಗ್ಯಾಸೆಟಿಯರು ಹೇಳುತ್ತದೆ. ಮಲೆನಾಡಿನ ಅಡಕೆ-ಮೆಣಸುಗಳು ಬಯಲಿಗೆ ಇಳಿಯುವ ದಾರಿಯಲ್ಲಿ ಅದು ಮಂಡಿಯಾಯಿತು. ಕಂಬಳಿಯ ನೇಯ್ಗೆ, ಅನಂತರ ಹತ್ತಿಯ ವ್ಯಾಪಾರ ಸೇರಿದುವು. ಹತ್ತೊಂಬತ್ತುನೂರ ಮೂವತ್ತರ ದಶಕದಿಂದೀಚೆಗೆ ಬಟ್ಟೆಯ ಗಿರಣಿಗಳು ಎದ್ದಾಗ ಅವುಗಳ ಬಂಡವಾಳದಲ್ಲಿ ಈ ಮಂಡಿಯ ಹಣವೇ ಬಹಳವಾಗಿತ್ತು.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನ ಗಿರಣಿಗಳೂ ಉಳಿಯಲಿಲ್ಲ. ಶತಮಾನ ಮುಗಿಯುವ ಹೊತ್ತಿಗೆ ಬಹುತೇಕ ನಿಂತುಹೋದುವು. ಆದರೂ ಊರು ನಿಲ್ಲಲಿಲ್ಲ. ೧೯೫೮ರಲ್ಲಿ ಸ್ಥಾಪಿತವಾದ ಬಾಪೂಜಿ ವಿದ್ಯಾಸಂಸ್ಥೆ, ೧೯೬೫ರ ಜೆ. ಜೆ. ಎಂ. ವೈದ್ಯಕೀಯ ಕಾಲೇಜು ಮೊದಲಾದುವುಗಳ ಸುತ್ತ ಅದು ವಿದ್ಯಾನಗರವಾಗಿ ಮಾರ್ಪಟ್ಟಿತು, ೧೯೯೭ರಲ್ಲಿ ಜಿಲ್ಲಾಕೇಂದ್ರವಾಯಿತು. ೨೦೧೧ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ೪ ಲಕ್ಷ ೩೪ ಸಾವಿರವನ್ನು ಮೀರಿತ್ತು. ಹರಿಹರದ್ದು ೮೩ ಸಾವಿರ.

ಈ ಅಂತರಕ್ಕೆ ಕಾರಣಗಳು ಅನೇಕ. ಒಂದನ್ನು ಮಾತ್ರ ಇಲ್ಲಿ ಎತ್ತಿ ತೋರಿಸಬೇಕು. ಹರಿಹರದಲ್ಲಿ ಕಾರಖಾನೆಯ ನಿರ್ಧಾರಗಳು ಊರ ಹೊರಗೆ ಆಗುತ್ತಿದ್ದುವು. ದಾವಣಗೆರೆಯಲ್ಲಿ ಹಣವುಳ್ಳವನ ಮನೆ ಊರೊಳಗೇ ಇತ್ತು. ಗಿರಣಿ ನಿಂತಾಗ ಅವನು ಇನ್ನೊಂದು ದಾರಿಯನ್ನು ಅಲ್ಲೇ ಹುಡುಕಿದನು. ಆದರೆ ದಾವಣಗೆರೆಯನ್ನು ಹೊಗಳಿ ಮುಗಿಸುವುದೂ ನ್ಯಾಯವಲ್ಲ. ಹಣ ಗಿರಣಿಯಿಂದ ಕಾಲೇಜಿಗೆ ಹರಿಯಬಲ್ಲುದು. ಮಗ್ಗದ ಮುಂದೆ ಇಪ್ಪತ್ತು ವರ್ಷ ನಿಂತ ಕಾರ್ಮಿಕ ಹಾಗೆ ಹರಿಯಲಾರ. ಊರು ಉಳಿಯಿತೆಂದಾಗ ಊರಿನಲ್ಲಿ ಯಾರು ಉಳಿದರು ಎಂಬ ಪ್ರಶ್ನೆಯನ್ನು ಕೇಳಲೇಬೇಕು.

೫

ಬೆಳಗಾವಿಯ ಪುರಸಭೆಗೆ ಇಲ್ಲದಿದ್ದ ಕಣ್ಣು ಅನಂತರದ ಆಡಳಿತಕ್ಕೆ ಬಂತೇ? ಕಾಯಿದೆಗಳ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಉತ್ತರ ದೊರೆಯುತ್ತದೆ. ನಗರ ಹಾಗೂ ಗ್ರಾಮಾಂತರ ಯೋಜನೆಯ ಕಾಯಿದೆ ೧೯೬೧ರಲ್ಲಿ, ಗೃಹಮಂಡಳಿಯದು ೧೯೬೨ರಲ್ಲಿ, ಪುರಸಭೆಗಳದು ೧೯೬೪ರಲ್ಲಿ ಬಂದುವು. ಕೃಷಿ ಉತ್ಪನ್ನ ಮಾರುಕಟ್ಟೆ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ—ಇವೆರಡರ ಕಾಯಿದೆಗಳು ೧೯೬೬ರಲ್ಲಿ. ಹೀಗೆ ಐದಾರು ವರ್ಷಗಳಲ್ಲಿ ಮನೆ ಒಂದು ಕಚೇರಿಗೆ, ಮಾರುಕಟ್ಟೆ ಇನ್ನೊಂದಕ್ಕೆ, ಕಾರಖಾನೆ ಮತ್ತೊಂದಕ್ಕೆ ಹಂಚಿಹೋದುವು. ಪ್ರತಿಯೊಂದು ಕಾಯಿದೆಗೂ ತನ್ನದೇ ಆದ ಸದುದ್ದೇಶವಿತ್ತು. ರೈತನನ್ನು ದಲಾಲಿಯ ತೂಕದ ಮೋಸದಿಂದ ಕಾಪಾಡುವುದು ಬೇಡವೆಂದು ಯಾರೂ ಹೇಳಲಾರರು. ಆದರೆ ಮೂರನ್ನೂ ಕೂಡಿಸಿ ನೋಡಬೇಕಾದ ಪುರಸಭೆಯ ಪಾಲಿಗೆ ಉಳಿದದ್ದು ಹೆಚ್ಚಾಗಿ ಗಟಾರ, ದೀಪ, ಕಸ. ಕೈಗಾರಿಕಾ ಪ್ರದೇಶ ಊರ ಸೀಮೆಯ ಹೊರಗಿದ್ದರೆ ಅದರ ಕಂದಾಯವೂ ಊರಿಗಿಲ್ಲ. ಅದರ ಕೆಲಸಗಾರರಿಗೆ ನೀರು, ರಸ್ತೆ ಒದಗಿಸುವ ಹೊಣೆ ಮಾತ್ರ ಊರಿಗೆ.

೧೯೭೯-೮೦ರಲ್ಲಿ ಕೇಂದ್ರಸರಕಾರ ಆರಂಭಿಸಿದ ಸಣ್ಣ ಹಾಗೂ ಮಧ್ಯಮ ಪಟ್ಟಣಗಳ ಸಮಗ್ರಾಭಿವೃದ್ಧಿ ಯೋಜನೆಯ ಹೆಸರಿನಲ್ಲೇ 'ಸಮಗ್ರ' ಎಂಬ ಪದವಿತ್ತು. ನಿವೇಶನ, ಮಾರುಕಟ್ಟೆ, ರಸ್ತೆಗಳನ್ನು ಒಟ್ಟಿಗೆ ಕೈಗೊಳ್ಳಬೇಕೆಂಬುದು ಅದರ ಆಶಯ. ೨೦೦೫ರಲ್ಲಿ ಅದು ಇನ್ನೊಂದು ಯೋಜನೆಯಲ್ಲಿ ಲೀನವಾಗಿ, ಗಮನವು ನೀರು-ಒಳಚರಂಡಿಗಳ ಕಡೆಗೆ ವಾಲಿತು. ೨೦೦೨ರಲ್ಲಿ ಡಾ. ನಂಜುಂಡಪ್ಪ ಸಮಿತಿ ಕರ್ನಾಟಕದ ೧೭೫ ತಾಲ್ಲೂಕುಗಳಲ್ಲಿ ೧೧೪ ಹಿಂದುಳಿದಿವೆಯೆಂದು ಗುರುತಿಸಿತು. ಗುರುತಿಸುವುದು ಬೇರೆ, ಊರಿಗೆ ತನ್ನ ಬಾಳನ್ನು ತಾನೇ ಯೋಚಿಸುವ ಅಧಿಕಾರವನ್ನು ಕೊಡುವುದು ಬೇರೆ. ದಾವಣಗೆರೆ-ಹರಿಹರಗಳಿಗೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ ಇರುವುದು ಸರಿಯಾದ ಹೆಜ್ಜೆ. ಆದರೆ ಅಂಥ ಪ್ರಾಧಿಕಾರಗಳ ಮುಖ್ಯ ಕಾಯಕವೇ ನಿವೇಶನಗಳ ಹಂಚಿಕೆಯಾಗಿಬಿಟ್ಟರೆ ಬೆಳಗಾವಿಯ ಹಳೆಯ ತಪ್ಪೇ ಹೊಸ ರೂಪದಲ್ಲಿ ಬಂದಂತಾಗುತ್ತದೆ. ಮನೆ ಬರುತ್ತದೆ, ಕೆಲಸ ಬರುವುದಿಲ್ಲ. ಕಲ್ಲು ನೆಟ್ಟ ನಿವೇಶನಗಳಲ್ಲಿ ಜಾಲಿ ಬೆಳೆಯುತ್ತದೆ.

ಹೊರನಾಡ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಊರಿನಲ್ಲಿ ದುಡಿಮೆಗೆ ಎಡೆ ಸಿಕ್ಕದೆ ಮುಂಬಯಿ-ಪುಣೆಗಳಿಗೆ ಬಂದವರು ಅವರಲ್ಲಿ ಬಹುಮಂದಿ. ಉಳಿತಾಯದ ಹಣದಿಂದ ಹುಟ್ಟಿದೂರಲ್ಲೊಂದು ನಿವೇಶನ ಕೊಂಡು ಬಿಡುವವರೂ ಅವರಲ್ಲಿ ಉಂಟು. ಆ ಖಾಲಿ ನಿವೇಶನ ಅಭಿಮಾನದ ಗುರುತಾದರೂ ಊರಿನ ಏಳಿಗೆಯ ಗುರುತಲ್ಲ. ಲಕ್ಷ್ಮಣರಾಯರ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದರೆ ಅದು ಮರಳಿ ಬಂದ ವಲಸೆಗಾರನೊಬ್ಬನ ಚರಿತ್ರೆ. ಅವನು ಮುಂಬಯಿಯಿಂದ ತಂದದ್ದು ಹಣವನ್ನಲ್ಲ, ಕಸುಬನ್ನು. ಆ ಕಸುಬಿಗೆ ಬಾಡಿಗೆಯ ಒಂದು ಛಾವಣಿ, ಕೊಳ್ಳುವ ಒಂದು ಪೇಟೆ, ಸಾಲ ಕೊಡುವ ಒಂದು ಕೈ ಬೇಕಾಗಿದ್ದುವು. ಮೊದಲಿನೆರಡನ್ನು ಬೆಳಗಾವಿ ಒದಗಿಸಿತ್ತು, ಛಾವಣಿಯನ್ನು ಕಿತ್ತುಕೊಂಡಿತು.

ಸಣ್ಣ ಊರು ಹೊರಗಿನ ಸಾಹಸಿಯನ್ನು ಕರೆಯುವ ಮೊದಲು ತನ್ನ ಓಣಿಯಲ್ಲಿ ಈಗಾಗಲೇ ಸುತ್ತಿಗೆ ಬಡಿಯುತ್ತಿರುವವನು ಯಾರೆಂದು ನೋಡಬೇಕು. ಪೇಟೆಯ ಹಣ, ಕಸುಬಿನ ಕೈ, ಬಾಳುವ ಮನೆ—ಈ ಮೂರೂ ಒಂದೇ ಸಭೆಯ ಮುಂದೆ, ಒಂದೇ ನಕ್ಷೆಯ ಮೇಲೆ ಬರಬೇಕು. ಸುತ್ತಣ ಹಳ್ಳಿಯವರಿಗೂ ಆ ಸಭೆಯಲ್ಲಿ ಮಾತಿರಬೇಕು. ಕಳ್ಳಿಯ ಐತಿಹ್ಯಕ್ಕೆ ಇಷ್ಟು ತಿದ್ದುಪಡಿಯಾದರೆ ಅದು ಪೂರ್ಣ ಕಥೆಯಾಗುತ್ತದೆ, ಊರುಗಳಿಗೆ ಉಪಯೋಗಕ್ಕೂ ಬರುತ್ತದೆ.