ಶಿರೋರೋಗ ಪ್ರಕರಣ: ಪುನರುಕ್ತಿಯೋ, ವಿವೇಚನೆಯೋ?

ಬುಧಗಾಂವ, ಮಿರಜಗಳ ಸೀಮೆಯಲ್ಲಿ ಕನ್ನಡಿಗರು ಅರೆತಲೆನೋವು ಎಂಬುದನ್ನು ಮರಾಠಿಗರು ಅರ್ಧಶಿಶಿ ಎನ್ನುತ್ತಾರೆ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಅದು ‘ಅರ್ಧಾವಭೇದಕ’.

16ನೆಯ ಶತಮಾನದ ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಇದನ್ನೊಳಗೊಂಡು ಶಿರೋರೋಗಗಳು 11 ಎನ್ನುತ್ತಾನೆ. ಎಣಿಕೆ ಸುಶ್ರುತಸಂಹಿತೆಯದು, ‘ಮಾಧವನಿದಾನ’ದಲ್ಲಿಯೂ ಅದೇ. ಆದುದರಿಂದ ಈ ಕಾಲದ ಗ್ರಂಥಗಳು ಬರಿಯ ನಕಲೆಂಬ ಆಕ್ಷೇಪವುಂಟು. ಅದು ಪೂರ್ಣವಾಗಿ ಒಪ್ಪತಕ್ಕದ್ದಲ್ಲ. ಪೂರ್ವಾಚಾರ್ಯರು ಹೇಳದ ಫಿರಂಗರೋಗವನ್ನು ಹೆಸರಿಸಿ, ಅದಕ್ಕೆ ಚೋಪಚೀನಿಯನ್ನು ವಿಧಿಸಿದವನೂ ಭಾವಮಿಶ್ರನೇ. ಹೊಸದನ್ನು ಕಂಡಲ್ಲಿ ಬರೆದವನು ತಲೆಯ ವಿಷಯದಲ್ಲಿ ಹಳೆಯದನ್ನು ಉಳಿಸಿಕೊಂಡುದನ್ನು ಅಜ್ಞಾನವೆನ್ನಲಾಗದು. ಹೊತ್ತು ಏರಿದಂತೆ ಏರಿ, ಇಳಿದಂತೆ ಇಳಿಯುವ ‘ಸೂರ್ಯಾವರ್ತ’ದ ಲಕ್ಷಣ ಕಣ್ಣಾರೆ ಕಂಡವರ ಮಾತು.

ಕೊರತೆ ಬೇರೆಡೆಯಿದೆ. ಮೂರು ದಿನಗಳಲ್ಲಿ ಪ್ರಾಣಹರಣ ಮಾಡುವ ‘ಶಂಖಕ’ದಲ್ಲಿ, ಭರವಸೆಯಿಲ್ಲವೆಂದು ತಿಳಿಸಿಯೇ ಚಿಕಿತ್ಸೆಗೆ ತೊಡಗಬೇಕೆಂಬ ವಿಧಿಯಿದೆ. ವೈದ್ಯನ ಪ್ರಾಮಾಣಿಕತೆಗೆ ಇದು ಸಾಕ್ಷಿ. ಆದರೆ ನರಳಿದವನಾರು, ಉಳಿದನೇ ಎಂಬುದಕ್ಕೆ ಸೂತ್ರದಲ್ಲಿ ಎಡೆಯಿಲ್ಲ.

ಗಡಿನಾಡಿನ ವೈದ್ಯ ಹಸ್ತಪ್ರತಿಗಳನ್ನು ಓದುವಾಗ ರೋಗಗಳನ್ನು ಎಣಿಸಿ ನಿಲ್ಲಬಾರದು; ಅಂಚಿನ ಬರಹದಲ್ಲಿ ರೋಗಿಯ ಸುಳಿವನ್ನು ಅರಸಬೇಕು. ವಿಮರ್ಶೆಯ ನಿಜವಾದ ಕೆಲಸ ಅಲ್ಲಿದೆ.