ಫ್ಲಾಪಿ ಖಾಲಿ ಇರಲಿಲ್ಲ

ಒಂದಕ್ಕೊಂದು ಹೊಂದದ ಎರಡು ಕಂಪ್ಯೂಟರುಗಳ ನಡುವೆ ಫ್ಲಾಪಿ ನಕಲು ಮಾಡುವ ಕಷ್ಟ ನನಗೆ ತಿಳಿದದ್ದು ಬನಹಟ್ಟಿಯ ನೇಕಾರರ ಮಗಳೊಬ್ಬಳಿಗೆ ನಷ್ಟ ಮಾಡಿದ ಮೇಲೆ.

1984-85ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆ ಹೂಡಿ, ಮೊದಲು ಸುಮಾರು 250 ಶಾಲೆಗಳಿಗೆ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟಿತು. 1995ರಲ್ಲಿ ನಾನು ಜಮಖಂಡಿ ಕಡೆಯ ಶಾಲೆಗೆ ಸೇರಿದಾಗ ಕಪಾಟಿನಲ್ಲಿ ಅಂಥದೊಂದಿತ್ತು. ಬಿ.ಎ. ಓದಿದ ನನಗೆ ಕಂಪ್ಯೂಟರಿನ ಗಂಧವಿರಲಿಲ್ಲ. ಬೇರೆ ಯಾರಿಗೂ ಬೇಡವಾದ್ದರಿಂದ ಕೀಲಿಕೈ ನನಗೆ ಬಂತು.

ಒಂಬತ್ತನೆಯ ತರಗತಿಯ ಆ ಹುಡುಗಿ ಅದರಲ್ಲಿ ಸೀರೆಯ ದಡಿಯ ಚಿತ್ರ ಮೂಡಿಸುವ ಪ್ರೋಗ್ರಾಂ ಬರೆದಳು. ಮೂರು ತಿಂಗಳ ಕೆಲಸ. ಮುಂದೆ ಪಿಸಿ ಬಂತು. ದೊಡ್ಡ ಫ್ಲಾಪಿಯೂ ಅದರಲ್ಲಿ ಹಿಡಿಯುತ್ತಿತ್ತು; ಹಾಕಿದೆ. ‘ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೆ?’ ಎಂದು ಪರದೆ ಕೇಳಿತು. ‘ಹೌದು’ ಒತ್ತಿದವಳು ನಾನೇ.

ನನ್ನ ತಕರಾರು ಆ ವಾಕ್ಯದ ಮೇಲೆ. ಬಿಬಿಸಿಯ ಫ್ಲಾಪಿಯಲ್ಲಿ ಒಂದು ಸುತ್ತಿಗೆ 10 ಮನೆ, ಮನೆಗೆ 256 ಅಕ್ಷರ. ಪಿಸಿಯ 360 ಕೆಬಿ ಫ್ಲಾಪಿಯಲ್ಲಿ 9 ಮನೆ, ಮನೆಗೆ 512. ಕಾಂತದಲ್ಲಿ ಬರೆಯುವ ರೀತಿಯೂ ಬೇರೆ: ಅದರದು ಎಫ್‌ಎಂ, ಇದರದು ಎಂಎಫ್‌ಎಂ. ಎಷ್ಟೋ ಪಿಸಿಗಳಿಗೆ ಎಫ್‌ಎಂ ಬರಹ ಓದಲು ಬರುತ್ತಲೇ ಇರಲಿಲ್ಲ. ‘ನನಗೆ ಓದಲು ಬರುವುದಿಲ್ಲ’ ಎಂದಿದ್ದರೆ ನನ್ನ ಬೆರಳು ಅಲ್ಲೇ ನಿಲ್ಲುತ್ತಿತ್ತು. ಬರೆದೇ ಇಲ್ಲ ಎಂಬಂತೆ ಮಾತಾಡಿತು. ಕನ್ನಡ ಬಾರದ ತಪಾಸಣೆಗಾರ ಮಕ್ಕಳ ಉತ್ತರಪತ್ರಿಕೆಗೆ ಸೊನ್ನೆ ಹಾಕಿದಂತೆ.

ಹುಡುಗಿಯ ತಂದೆಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ನಮ್ಮ ಜಕಾರ್ಡಿನ ಕಾರ್ಡು ಬ್ಯಾರೆ ಮಗ್ಗಕ್ಕ ಹೊಂದೂದಿಲ್ರೀ ಅಕ್ಕೋರ. ಹಂಗಂತ ಅದನ್ನ ಖಾಲಿ ರಟ್ಟು ಅಂತಾರೇನ್ರಿ?” ಎಂದರು. ಮಗಳು ಮಾತ್ರ ಕಂಪ್ಯೂಟರ್ ಕೋಣೆಗೆ ಮತ್ತೆ ಬರಲಿಲ್ಲ.

ಹಾದಿ ಇತ್ತು. ಬಿಬಿಸಿಯ ಹಿಂಬದಿಯ ಆರ್‌ಎಸ್423 ಕಿಂಡಿಯಿಂದ ಪಿಸಿಯ ಸೀರಿಯಲ್ ಕಿಂಡಿಗೆ ಒಂದು ತಂತಿ ಎಳೆದರೆ ಫ್ಲಾಪಿಯ ಗೊಡವೆಯೇ ಇಲ್ಲ, ಅಕ್ಷರಗಳು ಸಾಲುಗಟ್ಟಿ ಹೋಗುತ್ತವೆ. ಸೆಕೆಂಡಿಗೆ 960ರಂತೆ 100 ಕೆಬಿ ಎರಡು ನಿಮಿಷದೊಳಗೆ ದಾಟುತ್ತದೆ. ಬೇಸಿಕ್ ಪ್ರೋಗ್ರಾಂ ಆದರೆ ಮೊದಲು ಸ್ಪೂಲ್ ಆಜ್ಞೆಯಿಂದ ಸಾದಾ ಅಕ್ಷರಕ್ಕೆ ಬಿಡಿಸಿಕೊಳ್ಳಬೇಕು. ಬಿಬಿಸಿ ‘ಪ್ರಿಂಟ್’ ಎಂಬ ಇಡೀ ಶಬ್ದವನ್ನು ಒಂದೇ ಸಂಕೇತವಾಗಿ ಕಟ್ಟಿಡುತ್ತದೆ, ಪಿಸಿಗೆ ಆ ಗಂಟು ಬಿಚ್ಚಲು ಬಾರದು. ಹಳೆಯ ಯಂತ್ರ ಒಯ್ದು ಹೊಸದು ಇಟ್ಟು ಹೋದವರು ಇದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ, ಯಂತ್ರದ ಮಾತನ್ನು ನಂಬಿದೆ.

ಅವಳ ಇನ್ನೆರಡು ಫ್ಲಾಪಿ ನನ್ನ ಟ್ರಂಕಿನಲ್ಲಿದ್ದವು. ಈಚೆಗೆ ನನ್ನ ಅಕ್ಕನ ಮಗ ಗ್ರೀಸ್‌ವೀಜಲ್ ಎಂಬ ಸಣ್ಣ ಸಾಧನ ತಂದ. ಅದು ಮನೆ, ಸಾಲು ಎಂದು ಹುಡುಕದೆ ಕಾಂತದ ಏರಿಳಿತವನ್ನೇ ಹಾಗೆಹಾಗೇ ಎತ್ತಿಕೊಳ್ಳುತ್ತದೆ, ಅರ್ಥ ಬಿಡಿಸುವುದು ಆಮೇಲೆ. ಒಂದರಲ್ಲಿ ಹಾಜರಿ ಪಟ್ಟಿ ಸಿಕ್ಕಿತು. ಇನ್ನೊಂದರಲ್ಲಿ ದಡಿಯ ಮೊದಲ ಕರಡು, ಗೋಪುರದ ಸಾಲಿನವರೆಗೆ ಮಾತ್ರ. ಅವಳ ವಿಳಾಸ ಹುಡುಕುತ್ತಿದ್ದೇನೆ.