ಪೈಥಾನ್ ಸುಲಭ ಎನ್ನುವ ಮೊದಲು

ಪ್ರೋಗ್ರಾಮಿಂಗ್ ಕಲಿಯಬೇಕು ಎಂದವರಿಗೆಲ್ಲ ಸಿಗುವ ಸಲಹೆ ಒಂದೇ: ಪೈಥಾನ್ ಹಿಡಿಯಿರಿ, ಬಲು ಸುಲಭ. ಸಿಬಿಎಸ್‌ಇಯ 11, 12ನೇ ತರಗತಿಯ ಮಕ್ಕಳಿಗೂ ಇದೇ ಭಾಷೆ. ಗೈಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಓದಲು ಹಿತವಾಗಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಓದಲು ಹಿತವಾದದ್ದು ಅರ್ಥವಾಗಲೂ ಸುಲಭ ಎಂದು ನಾವು ನಂಬಿಬಿಟ್ಟಿದ್ದೇವೆ. ನನ್ನ ತಕರಾರು ಅಲ್ಲಿದೆ.

ವಿದ್ಯಾರ್ಥಿಯೊಬ್ಬ ಚೌಕಾಬಾರದ ಮಣೆ ಮಾಡಹೊರಟ ಎನ್ನಿ. ಐದು ಸಾಲು, ಸಾಲಿಗೆ ಐದು ಮನೆ, ಎಲ್ಲದರಲ್ಲೂ ಸೊನ್ನೆ. ಅವನು [[0]*5]*5 ಎಂದು ಬರೆಯುತ್ತಾನೆ. ಪ್ರಿಂಟ್ ಮಾಡಿದರೆ ಮಣೆ ಸರಿಯಾಗಿಯೇ ಕಾಣುತ್ತದೆ. ಮೊದಲ ಸಾಲಿನ ಮೊದಲ ಮನೆಯಲ್ಲಿ ಕಾಯಿ ಇಟ್ಟಂತೆ 1 ಹಾಕಿ ಮತ್ತೆ ಪ್ರಿಂಟ್ ಮಾಡುತ್ತಾನೆ. ಈಗ ಐದೂ ಸಾಲುಗಳ ಮೊದಲ ಮನೆಯಲ್ಲಿ 1! ಎರರ್ ಬರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಮಣೆಯಲ್ಲಿ ಇದ್ದದ್ದು ಒಂದೇ ಸಾಲು. ಹೊರಗಿನ ಗುಣಾಕಾರ ಅದನ್ನೇ ಐದು ಸಲ ತೋರಿಸಿತ್ತು.

ಅವನೇ ಹಾಜರಿ ಹಾಕುವ ಫಂಕ್ಷನ್ ಬರೆದು, ಲಿಸ್ಟ್ ಕೊಡದಿದ್ದರೆ ಖಾಲಿ ಲಿಸ್ಟ್ ಇರಲಿ ಎಂದು ಡಿಫಾಲ್ಟ್ ಇಡುತ್ತಾನೆ. ಮೊದಲು ರಮ್ಯಾಳ ಹೆಸರು ಕೊಟ್ಟರೆ ಅವಳೊಬ್ಬಳೇ ಬರುತ್ತಾಳೆ. ಆಮೇಲೆ ಕಿರಣನ ಹೆಸರು ಕೊಟ್ಟರೆ ರಮ್ಯಾಳೂ ಜೊತೆಗೆ ಬರುತ್ತಾಳೆ. ಆ ಖಾಲಿ ಲಿಸ್ಟ್ ಹುಟ್ಟುವುದು ಫಂಕ್ಷನ್ ಹುಟ್ಟಿಸುವ ಡೆಫ್ ಸಾಲು ನಡೆದಾಗ, ಒಂದೇ ಸಲ. ಫಂಕ್ಷನ್ ಕರೆದಾಗಲೆಲ್ಲ ಹೊಸದು ಹುಟ್ಟುವುದಿಲ್ಲ. ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್ಲೇ ಇದಕ್ಕೆ ವಿಶೇಷ ಎಚ್ಚರಿಕೆ ಕೊಟ್ಟಿದೆ. ಹೊಸಬರ ಪಾಲಿಗೆ ಈ ನಿಯಮ ಕಠಿಣವೇ ಸರಿ.

ಇಂಥವನ್ನೆಲ್ಲ ಪೈಥಾನ್‌ನ ವಿಚಿತ್ರಗಳು ಎಂದು ಪಟ್ಟಿ ಮಾಡಿ, ಇಂಟರ್‌ವ್ಯೂಗೆ ಬಾಯಿಪಾಠ ಮಾಡಿಸುವ ರೂಢಿ ಬೆಳೆದಿದೆ. ಅದು ತಪ್ಪು. ಮೇಲಿನ ಎರಡಕ್ಕೂ ಬೇರು ಒಂದೇ: ಪೈಥಾನ್‌ನಲ್ಲಿ ಹೆಸರು ಎಂದರೆ ವಸ್ತುವಿಗೆ ಅಂಟಿಸಿದ ಚೀಟಿ. ಅ = [1, 2], ಬ = ಅ ಎಂದರೆ ಎರಡನೇ ಲಿಸ್ಟ್ ಹುಟ್ಟುವುದಿಲ್ಲ, ಎರಡನೇ ಚೀಟಿ ಬೀಳುತ್ತದೆ. ಬ ಮೂಲಕ 3 ಸೇರಿಸಿದರೆ ಅ ಕೂಡ ಬದಲಾದಂತೆ ಕಾಣುತ್ತದೆ. (ಪೈಥಾನ್ 3ರಲ್ಲಿ ಹೆಸರುಗಳನ್ನು ಹೀಗೆ ಕನ್ನಡದಲ್ಲೇ ಇಡಬಹುದು.) ಇದು ತಿಳಿದವನಿಗೆ ಮಣೆಯ ಸಮಸ್ಯೆಯೂ ಹಾಜರಿಯ ಸಮಸ್ಯೆಯೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಪಟ್ಟಿ ಉರುಹೊಡೆದವನು ಮೂರನೆಯದು ಎದುರಾದಾಗ ಮತ್ತೆ ಎಡವುತ್ತಾನೆ.

ಆ ಪಟ್ಟಿಗಳಲ್ಲಿ ಜೊಳ್ಳೂ ಇದೆ. 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬಾರದಿರುವುದನ್ನು ಪೈಥಾನ್‌ನ ದೋಷ ಎನ್ನುತ್ತಾರೆ. ದಶಮಾಂಶಗಳನ್ನು ಕಂಪ್ಯೂಟರ್ ಬೈನರಿಯಲ್ಲಿ ಇಟ್ಟುಕೊಳ್ಳುವ ರೀತಿಯಿಂದ ಬಂದದ್ದು ಅದು; ಸಿ, ಜಾವಾಗಳಲ್ಲೂ ಹಾಗೆಯೇ. ಇನ್ನು ಎರಡು ಹೆಸರುಗಳು ಒಂದೇ ವಸ್ತುವಿಗೆ ಅಂಟಿವೆಯೇ ಎಂದು ನೋಡುವ ‘ಈಸ್’ ಹೋಲಿಕೆ 256ಕ್ಕೆ ನಿಜ, 257ಕ್ಕೆ ಸುಳ್ಳು ಎಂಬ ಜನಪ್ರಿಯ ಪ್ರಶ್ನೆ. ಚಿಕ್ಕ ಸಂಖ್ಯೆಗಳನ್ನು ಮೊದಲೇ ಮಾಡಿಟ್ಟುಕೊಳ್ಳುವ, ಪೈಥಾನ್ ಕೋಡನ್ನು ನಡೆಸುವ ತಂತ್ರಾಂಶವಾದ ಸಿಪೈಥಾನ್‌ನ ಒಳವ್ಯವಸ್ಥೆ ಅದು, ಭಾಷೆಯ ನಿಯಮವಲ್ಲ. ಅದರ ಮೇಲೆ ಅಭ್ಯರ್ಥಿಯನ್ನು ಅಳೆಯುವುದು ಅನ್ಯಾಯ.

ಸುಲಭ ಎಂಬ ಮಾತಿನಿಂದ ನಷ್ಟವಾಗುವುದು ಕಲಿಯುವವನಿಗೆ. ಸುಲಭವಾದದ್ದೇ ತಲೆಗೆ ಹತ್ತುತ್ತಿಲ್ಲವಲ್ಲ, ಇದು ತನ್ನಿಂದಾಗದ ಕೆಲಸ ಎಂದುಕೊಂಡು ಅವನು ಬಿಟ್ಟುಹೋಗುತ್ತಾನೆ. ಪಾಠ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೆ: ಲೂಪ್ ಕಲಿಸುವ ಮೊದಲು ಬೋರ್ಡಿನ ಮೇಲೆ ಒಂದು ಲಿಸ್ಟ್ ಬರೆದು, ಅದರತ್ತ ಎರಡು ಹೆಸರುಗಳಿಂದ ಬಾಣ ಎಳೆಯಿರಿ. ಒಂದರ ಮೂಲಕ ಲಿಸ್ಟ್ ಬದಲಿಸಿದರೆ ಇನ್ನೊಂದರಲ್ಲಿ ಏನು ಕಾಣುತ್ತದೆ ಎಂದು ಮಕ್ಕಳನ್ನೇ ಕೇಳಿ.